ಹಳೆಯ ಸಿ.ಡಿ. ಪ್ಲೇಯರ್‌ಗಳ ಬಾಳಿಕೆ ಮತ್ತು ದುರಸ್ತಿಯ ಕಸುಬು

ಕಾಂಪ್ಯಾಕ್ಟ್ ಡಿಸ್ಕ್ ನುಡಿಸುವ ಮೊದಲ ಯಂತ್ರಗಳಲ್ಲೊಂದಾದ ಸೋನಿ ಸಿಡಿಪಿ-101 ಜಪಾನಿನ ಅಂಗಡಿಗಳಿಗೆ ಬಂದದ್ದು 1982ರ ಅಕ್ಟೋಬರ್ 1ರಂದು. ಗ್ರಾಮಫೋನಿನಲ್ಲಿರುವಂತೆ ಮುಳ್ಳು ತಟ್ಟೆಯನ್ನು ಉಜ್ಜದೆ, ಸುಮಾರು 780 ನ್ಯಾನೋಮೀಟರ್ ತರಂಗಾಂತರದ ಅವಕೆಂಪು ಲೇಸರ್ ಕಿರಣವೇ ತಟ್ಟೆಯ ಸೂಕ್ಷ್ಮ ಗುಳಿಗಳನ್ನು ಓದುವುದರಿಂದ, ಇದಕ್ಕೆ ಸವಕಳಿಯೇ ಇಲ್ಲವೆಂಬ ನಂಬಿಕೆ ಬೆಳೆಯಿತು. ಆದರೆ ನುಡಿಸಿದಷ್ಟೂ ಸವೆಯದಿರುವುದು ತಟ್ಟೆ ಮಾತ್ರ. ಅದನ್ನು ನಿಮಿಷಕ್ಕೆ ಸುಮಾರು 500ರಿಂದ 200 ಸುತ್ತುಗಳ ವೇಗದಲ್ಲಿ ತಿರುಗಿಸುವ ಮೋಟರು, ಟ್ರೇ ಎಳೆಯುವ ರಬ್ಬರ್ ಬೆಲ್ಟು, ಲೆನ್ಸ್ ಸರಿದಾಡುವ ಹಳಿಯ ಗ್ರೀಸು ಇವೆಲ್ಲಕ್ಕೂ ವಯಸ್ಸಾಗುತ್ತದೆ.

ಯಂತ್ರಕ್ಕೆ ವಯಸ್ಸಾಗುವ ಬಗೆಯು ಊರಿನ ಹವೆಯನ್ನೂ ಅವಲಂಬಿಸಿದೆ. ಉದಾಹರಣೆಗೆ, ಹಿರಿಯೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಜವನಗೊಂಡನಹಳ್ಳಿಯು ರಾಷ್ಟ್ರೀಯ ಹೆದ್ದಾರಿ 48ರ ಬದಿಯಲ್ಲಿ, ಮಳೆ ಕಡಿಮೆ ಬೀಳುವ ಬಯಲುಸೀಮೆಯಲ್ಲಿದೆ. ಇಂಥ ಊರುಗಳ ಒಣಹವೆ ಲೋಹದ ಭಾಗಗಳನ್ನು ತುಕ್ಕಿನಿಂದ ಕಾಯುತ್ತದೆಯಾದರೂ, ಬೇಸಿಗೆಯ ಕಾವು ಗ್ರೀಸನ್ನು ಒಣಗಿಸಿ ಗಟ್ಟಿ ಮಾಡುತ್ತದೆ, ನುಣ್ಣನೆಯ ಧೂಳು ಲೆನ್ಸಿನ ಮೇಲೆ ಕೂತು ಕಿರಣವನ್ನು ಮಸುಕಾಗಿಸುತ್ತದೆ. ತಟ್ಟೆಯ ಮೇಲಿನ ಸಣ್ಣ ಗೀರುಗಳಿಂದಾಗುವ ನಷ್ಟವನ್ನು ದೋಷ ತಿದ್ದುವ ಸಂಕೇತ, ಅಂದರೆ ಮಾಹಿತಿಯ ಜೊತೆಗೇ ಬರೆದಿಟ್ಟ ಹೆಚ್ಚುವರಿ ಅಂಕಿಗಳ ವ್ಯವಸ್ಥೆ, ತುಂಬಿಕೊಡುತ್ತದೆ. ಲೆನ್ಸೇ ಮಸುಕಾದಾಗ ತಪ್ಪುಗಳು ಆ ಸಂಕೇತದ ಮಿತಿಯನ್ನು ಮೀರಿ, ಹಾಡು ಹಾರತೊಡಗುತ್ತದೆ.

ಆದುದರಿಂದ ಬಲ್ಲ ದುರಸ್ತಿಗಾರನು ‘ಲೇಸರ್ ಹೋಗಿದೆ’ ಎಂಬ ತೀರ್ಪನ್ನು ಕೊನೆಗೆ ಇಟ್ಟುಕೊಳ್ಳುತ್ತಾನೆ. ಟ್ರೇ ತೆರೆಯದಿದ್ದರೆ ಸಡಿಲಗೊಂಡ ಬೆಲ್ಟನ್ನು ಬದಲಿಸುವುದು, ಲೆನ್ಸನ್ನು ಹಗುರವಾಗಿ ಒರೆಸುವುದು, ಹಳೆಯ ಗ್ರೀಸು ತೆಗೆದು ಹೊಸದನ್ನು ಹಚ್ಚುವುದು, ಬಿರುಕುಬಿಟ್ಟ ಬೆಸುಗೆಗಳನ್ನೂ, ಒಳಗಿನ ದ್ರವ ಒಣಗಿ ವಿದ್ಯುತ್ತನ್ನು ಸಮನಾಗಿಡಲಾರದ ಕೆಪಾಸಿಟರ್‌ಗಳನ್ನೂ ಪರೀಕ್ಷಿಸುವುದು ಈ ಕಸುಬಿನ ಕ್ರಮ. ಕ್ಷೀಣಿಸಿದ ಲೇಸರಿಗೆ ಹೆಚ್ಚು ವಿದ್ಯುತ್ ಹರಿಯುವಂತೆ ತಿರುಪು ತಿರುಗಿಸಿದರೆ ಕೆಲಕಾಲ ಹಾಡು ಕೇಳಬಹುದು, ಆದರೆ ಅದು ಉಳಿದ ಆಯುಷ್ಯವನ್ನೂ ಬೇಗ ಸುಡುತ್ತದೆ. ಮನೆಯಲ್ಲಿ ಬರೆದ ಸಿ.ಡಿ.ಗಳು ಅಚ್ಚುಹಾಕಿದವುಗಳಿಗಿಂತ ಕಡಿಮೆ ಬೆಳಕನ್ನು ಹಿಂದಿರುಗಿಸುವುದರಿಂದ, ಅವನ್ನಷ್ಟೇ ಓದದ ಯಂತ್ರವನ್ನು ಕೆಟ್ಟಿದೆ ಎನ್ನಲಾಗದು.

ಲೇಸರ್ ಮತ್ತು ಲೆನ್ಸ್ ಕೂಡಿದ ಭಾಗವೊಂದನ್ನು ಮಾತ್ರ ಊರಿನಲ್ಲಿ ತಯಾರಿಸಲಾಗದು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಹುಡುಕಬೇಕು, ಇಲ್ಲವೇ ಅದೇ ಮಾದರಿಯ ಇನ್ನೊಂದು ಯಂತ್ರದಿಂದ ತೆಗೆಯಬೇಕು. ಈ ಕಾರಣಕ್ಕೆ, ನಿಂತುಹೋದ ಪ್ಲೇಯರನ್ನು ಗುಜರಿಗೆ ಹಾಕುವ ಮುನ್ನ ಬಲ್ಲವರ ಮೇಜಿನ ಮೇಲೆ ಒಮ್ಮೆ ಬಿಚ್ಚಿಸಿ ನೋಡುವುದು ವಿವೇಕದ ಕೆಲಸ. ಏಕೆಂದರೆ ಅನೇಕ ಬಾರಿ ಕೆಟ್ಟಿರುವುದು ಯಂತ್ರದ ಅತ್ಯಂತ ಅಗ್ಗದ ಭಾಗವೇ ಆಗಿರುತ್ತದೆ.