ಮುಖಪರಿಚಯ: ಕಣ್ಣು ಕಲಿಯುವ ಪಾಠ



ಊರಿನಿಂದ ಅಜ್ಜಿ ಬಂದಿಳಿದ ದಿನ ವಿಮಾನನಿಲ್ದಾಣದಲ್ಲಿ ನಡೆಯುವ ಒಂದು ದೃಶ್ಯ ನಮ್ಮಲ್ಲಿ ಬಹುಮಂದಿಗೆ ಪರಿಚಿತವಾದುದು. ಎಂಟು ತಿಂಗಳ ಮೊಮ್ಮಗುವನ್ನು ಎತ್ತಿಕೊಳ್ಳಲು ಅಜ್ಜಿ ಕೈಚಾಚುತ್ತಾರೆ. ಮಗು ಕ್ಷಣಕಾಲ ಅವರ ಮುಖವನ್ನೇ ದಿಟ್ಟಿಸಿ, ಬಳಿಕ ತಾಯಿಯ ಹೆಗಲಿನಲ್ಲಿ ಮುಖ ಹುದುಗಿಸಿ ಕಿರುಚತೊಡಗುತ್ತದೆ. ಚಾಚಿದ ಕೈ ಹಾಗೆಯೇ ನಿಂತುಬಿಡುತ್ತದೆ. ನಮ್ಮ ಮನೆಯಲ್ಲಿ ಹೀಗಾದಾಗ ನಮ್ಮ ತಾಯಿಯವರು, “ರಕ್ತಸಂಬಂಧವೆಂಬುದು ಕೂಸಿಗೆ ತಿಳಿಯದೇನು?” ಎಂದಷ್ಟೇ ಕೇಳಿ, ಎರಡು ದಿನ ಮಾತು ಕಡಿಮೆಮಾಡಿದರು. ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಈ ಸಂಜೆ ನಾವು ಹೇಳಹೊರಟಿರುವುದು ತಡವಾಗಿ ದೊರೆತ ಆ ಉತ್ತರವನ್ನೇ.

ಹುಟ್ಟಿದ ಶಿಶುವಿಗೆ ಏನು ಕಾಣುತ್ತದೆ? ಅದರ ನೋಟದ ಸ್ಪಷ್ಟತೆ ವಯಸ್ಕರದರ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಸುಮಾರು ಒಂದು ಗೇಣಿನ ದೂರದಲ್ಲಿರುವುದು ಮಾತ್ರ ತಕ್ಕಮಟ್ಟಿಗೆ ಗೋಚರಿಸುತ್ತದೆ, ಅದರಾಚೆಗೆಲ್ಲ ಮಂಜು. ಮೊಲೆಯುಣ್ಣುವ ಮಗುವಿಗೂ ತಾಯಿಯ ಮುಖಕ್ಕೂ ಇರುವ ಅಂತರವೂ ಹೆಚ್ಚುಕಡಿಮೆ ಒಂದು ಗೇಣೇ. ಮಾತುಬಾರದ ಶಿಶುವಿನ ಇಷ್ಟಾನಿಷ್ಟಗಳನ್ನು ಅರಿಯಲು ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಫ್ಯಾಂಟ್ಸ್ ಒಂದು ಸರಳೋಪಾಯವನ್ನು ಬಳಸಿದರು. ಅದರ ಫಲಿತಾಂಶಗಳನ್ನು ವಿವರಿಸುವ ಅವರ ಪ್ರಸಿದ್ಧ ಲೇಖನವೊಂದು 1961ರಲ್ಲಿ ಪ್ರಕಟವಾಯಿತು. ಮಲಗಿದ ಮಗುವಿನ ಮೇಲ್ಗಡೆ ಎರಡು ಚಿತ್ರಗಳನ್ನಿಟ್ಟು, ಸಣ್ಣ ಕಿಂಡಿಯೊಂದರಿಂದ ಇಣುಕಿ, ಅದರ ಕಣ್ಣಪಾಪೆಯಲ್ಲಿ ಯಾವ ಚಿತ್ರ ಎಷ್ಟು ಹೊತ್ತು ಪ್ರತಿಬಿಂಬಿಸುತ್ತದೆ ಎಂದು ಎಣಿಸುವುದು, ಅಷ್ಟೆ. ಬಳಿಕ 1975ರಲ್ಲಿ ಮತ್ತೊಂದು ತಂಡವು, ಹುಟ್ಟಿ ಕೆಲವೇ ನಿಮಿಷಗಳಾದ ಶಿಶುಗಳು ಕಣ್ಣು ಮೂಗು ಬಾಯಿಗಳು ಕಲಸಿಹೋದ ಚಿತ್ರಕ್ಕಿಂತ, ಅವು ಸ್ವಸ್ಥಾನದಲ್ಲಿರುವ ಚಿತ್ರವನ್ನು ಹೆಚ್ಚು ದೂರ ಕಣ್ಣಿನಿಂದ ಹಿಂಬಾಲಿಸುತ್ತವೆಂದು ತೋರಿಸಿತು. ‘ಮುಖದತ್ತ ನೋಡು’ ಎಂಬಷ್ಟು ಪಾಠವನ್ನು ಪ್ರಕೃತಿಯೇ ಕಲಿಸಿ ಕಳುಹಿಸಿದಂತಿದೆ.

ಆದರೆ ಯಾರ ಮುಖವೆಂಬುದನ್ನು ಮಗುವೇ ಕಲಿಯಬೇಕು. ನಾಲ್ಕು ದಿನದ ಶಿಶುವೂ ಅಪರಿಚಿತೆಗಿಂತ ತಾಯಿಯ ಮುಖವನ್ನೇ ಹೆಚ್ಚು ನೋಡುತ್ತದೆ. ಆದರೂ ಇಬ್ಬರು ಸ್ತ್ರೀಯರೂ ತಲೆಗೂದಲು ಕಾಣದಂತೆ ವಸ್ತ್ರ ಕಟ್ಟಿಕೊಂಡರೆ ಆ ಒಲವು ಮಾಯವಾಗುವುದೆಂದು 1995ರಲ್ಲಿ ಒಲಿವಿಯೆ ಪಾಸ್ಕಾಲಿಸ್ ಮತ್ತು ಸಂಗಡಿಗರು ಕಂಡುಕೊಂಡರು. ಕೂಸು ಅರಿತದ್ದು ತಾಯಿಯ ಮುಖದ ಹೊರ ಅಂಚನ್ನೇ ಹೊರತು ಕಣ್ಣುಮೂಗುಗಳ ವಿವರವನ್ನಲ್ಲ. (ತಲೆಗೆ ಬಟ್ಟೆ ಸುತ್ತಿ ಕೂರುವ ನಮ್ಮ ಬಾಣಂತಿಯರ ಮಕ್ಕಳು ಹೇಗೆ ನಿಭಾಯಿಸುತ್ತಾರೋ! ದನಿಯೂ ಮೈಯ ವಾಸನೆಯೂ ನೆರವಾಗುತ್ತಿರಬೇಕು.)

ಇದಕ್ಕಿಂತ ಸೋಜಿಗದ ಸಂಗತಿಯೊಂದಿದೆ. 2002ರಲ್ಲಿ ಇದೇ ಪಾಸ್ಕಾಲಿಸ್ ಅವರ ತಂಡ ಶಿಶುಗಳಿಗೆ ಕೋತಿಗಳ ಮುಖಗಳನ್ನು ತೋರಿಸಿತು. ಆರು ತಿಂಗಳ ಮಕ್ಕಳು ಒಂದು ಕೋತಿಯಿಂದ ಮತ್ತೊಂದನ್ನು ಬೇರೆಯಾಗಿ ಕಂಡವು. ಒಂಬತ್ತು ತಿಂಗಳ ಮಕ್ಕಳಿಗೂ ದೊಡ್ಡವರಿಗೂ ಅದು ಸಾಧ್ಯವಾಗಲಿಲ್ಲ. ಬೆಳವಣಿಗೆಯೆಂದರೆ ಗಳಿಕೆ ಮಾತ್ರವಲ್ಲ, ಕಳೆತವೂ ಹೌದು. ಭಾಷೆಯಲ್ಲಿಯೂ ಹೀಗೆಯೇ. ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಶಿಶುಗಳು ಹಿಂದಿಯ ‘ತ’ಕಾರ ‘ಟ’ಕಾರಗಳ ಭೇದವನ್ನು ಗುರುತಿಸುತ್ತಿದ್ದು, ವರ್ಷ ತುಂಬುವ ಹೊತ್ತಿಗೆ ಆ ಶಕ್ತಿಯನ್ನು ಬಹುಪಾಲು ಕಳೆದುಕೊಂಡಿರುತ್ತವೆಂದು ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ವರದಿ ಮಾಡಿದ್ದರು. ಸುತ್ತಲೂ ಯಾವುದು ಬಳಕೆಯಲ್ಲಿದೆಯೋ ಅದಕ್ಕೆ ಮಿದುಳು ತನ್ನನ್ನು ಒಪ್ಪಿಸಿಕೊಳ್ಳುತ್ತದೆ, ಉಳಿದುದನ್ನು ಬಿಟ್ಟುಕೊಡುತ್ತದೆ.

ವಲಸೆ ಬಂದ ನಮ್ಮಂಥವರ ಮನೆಗಳಿಗೆ ಈ ವಿಚಾರ ನೇರವಾಗಿ ತಟ್ಟುತ್ತದೆ. ನವಜಾತ ಶಿಶುಗಳು ಯಾವ ಜನಾಂಗದ ಮುಖವನ್ನೂ ವಿಶೇಷವಾಗಿ ಬಯಸುವುದಿಲ್ಲ. ಮೂರು ತಿಂಗಳಿಗೆ ತಾವು ದಿನವೂ ಕಾಣುವ ಜನಾಂಗದ ಮುಖದತ್ತ ವಾಲುತ್ತವೆ. ಇಸ್ರೇಲಿಗೆ ವಲಸೆಬಂದ ಇಥಿಯೋಪಿಯದ ಕುಟುಂಬಗಳ ಶಿಶುಗಳಲ್ಲಿ, ಅವು ಎರಡೂ ಬಗೆಯ ಮುಖಗಳನ್ನು ನೋಡುತ್ತಿದ್ದುದರಿಂದ, ಈ ವಾಲಿಕೆ ಕಾಣಲಿಲ್ಲವೆಂದು 2006ರ ಅಧ್ಯಯನವೊಂದು ಹೇಳುತ್ತದೆ. ಅದಕ್ಕೂ ಹಿಂದೆ, 2005ರಲ್ಲಿ, ಬಾಲ್ಯದಲ್ಲಿ ಯೂರೋಪಿನ ಕುಟುಂಬಗಳು ದತ್ತು ತೆಗೆದುಕೊಂಡ ಕೊರಿಯ ಮೂಲದವರನ್ನು ಫ್ರಾನ್ಸಿನಲ್ಲಿ ಪರೀಕ್ಷಿಸಲಾಯಿತು. ಮೂರರಿಂದ ಒಂಬತ್ತು ವರ್ಷದೊಳಗೆ ಊರು ಬಿಟ್ಟಿದ್ದ ಅವರು, ದೊಡ್ಡವರಾದ ಮೇಲೆ ಏಷ್ಯದವರ ಮುಖಗಳಿಗಿಂತ ಬಿಳಿಯರ ಮುಖಗಳನ್ನೇ ಚೆನ್ನಾಗಿ ಗುರುತಿಸಿದರು. ರಕ್ತ ಅವರಿಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ.

ನಮ್ಮ ತಾಯಿಯವರು ಇಲ್ಲಿದ್ದ ಆರು ತಿಂಗಳೂ ಎಡಬಲದ ಮನೆಗಳ ಇಬ್ಬರು ಹೆಂಗಸರನ್ನು ಅದಲುಬದಲು ಮಾಡುತ್ತಿದ್ದರು. ನಾವು ಕನ್ನಡಕ ಬದಲಾಯಿಸಿದೆವು, ಫಲವಾಗಲಿಲ್ಲ. ಕೊನೆಗೆ ಅವರು ಒಬ್ಬರನ್ನು ನಾಯಿಯಿಂದ, ಮತ್ತೊಬ್ಬರನ್ನು ನಡಿಗೆಯಿಂದ ಗುರುತು ಹಿಡಿಯಲು ಕಲಿತರು. ಇತ್ತ ನಮ್ಮ ಹಿರಿಯ ಮಗಳು ಶಿವಮೊಗ್ಗೆಯ ಮದುವೆಯೊಂದರಲ್ಲಿ ರೇಷ್ಮೆಸೀರೆಯುಟ್ಟು ಹೂಮುಡಿದ ಮೂವರು ಸೋದರತ್ತೆಯರನ್ನು ಒಬ್ಬರೆಂದೇ ಭಾವಿಸಿ ಬೈಸಿಕೊಂಡಳು. ಅಜ್ಜಿಯದು ದೃಷ್ಟಿದೋಷವಲ್ಲ, ಮೊಮ್ಮಗಳದು ಅಸಡ್ಡೆಯಲ್ಲ. ಇಬ್ಬರ ಕಣ್ಣುಗಳೂ ಬೇರೆ ಬೇರೆ ಶಾಲೆಯಲ್ಲಿ ಓದಿದ್ದವು.

ವಯಸ್ಕರಾದ ನಾವು ಮುಖವನ್ನು ಬಿಡಿಬಿಡಿಯಾಗಿ ನೋಡುವುದಿಲ್ಲ; ಕಣ್ಣುಗಳ ನಡುವಿನ ಅಂತರ, ಮೂಗಿಗೂ ಬಾಯಿಗೂ ಇರುವ ದೂರ, ಇವೆಲ್ಲ ಕೂಡಿದ ಒಂದು ವಿನ್ಯಾಸವನ್ನು ಒಮ್ಮೆಗೇ ಗ್ರಹಿಸುತ್ತೇವೆ. ಚಿತ್ರವನ್ನು ತಲೆಕೆಳಗು ಮಾಡಿದರೆ ಮನೆ, ವಿಮಾನಗಳಿಗಿಂತ ಮುಖಗಳ ಗುರುತೇ ಬಹಳ ಹೆಚ್ಚು ಕೆಡುತ್ತದೆಂದು ರಾಬರ್ಟ್ ಯಿನ್ 1969ರಲ್ಲಿ ತೋರಿಸಿದ್ದು ಇದರಿಂದಲೇ. ಮುಖ ಕಂಡಾಗ ವಿಶೇಷವಾಗಿ ಎಚ್ಚರಗೊಳ್ಳುವ ಮಿದುಳಿನ ಭಾಗವೊಂದನ್ನು ನ್ಯಾನ್ಸಿ ಕ್ಯಾನ್ವಿಶರ್ ಮತ್ತು ಸಂಗಡಿಗರು 1997ರಲ್ಲಿ ವಿವರಿಸಿದರು. ಹಕ್ಕಿಗಳನ್ನು ಬಲ್ಲವರಲ್ಲಿ ಹಕ್ಕಿಗಳಿಗೂ, ಕಾರುಗಳನ್ನು ಬಲ್ಲವರಲ್ಲಿ ಕಾರುಗಳಿಗೂ ಅದೇ ಭಾಗ ಹೆಚ್ಚು ಸ್ಪಂದಿಸುತ್ತದೆಂದು 2000ದಲ್ಲಿ ಇನ್ನೊಂದು ತಂಡ ವಾದಿಸಿತು. ಆ ಭಾಗ ಮುಖಕ್ಕೇ ಮೀಸಲೋ, ಅಭ್ಯಾಸದ ಫಲವೋ ಎಂಬ ಚರ್ಚೆ ದೀರ್ಘವಾಗಿ ನಡೆದಿದೆ. ನಮಗಂತೂ ಎರಡರಲ್ಲೂ ಸತ್ಯಾಂಶವಿರುವಂತೆ ತೋರುತ್ತದೆ.

ಈ ಶಕ್ತಿ ಇಲ್ಲದವರೂ ಇದ್ದಾರೆ. 1947ರಲ್ಲಿ ಜರ್ಮನ್ ವೈದ್ಯ ಬೋಡಾಮರ್ ಅದಕ್ಕೆ ಪ್ರೊಸೊಪಗ್ನೋಸಿಯ ಎಂದು ಹೆಸರಿಟ್ಟರು. ಅಂಥ ರೋಗಿಯೊಬ್ಬನ ಕಥೆಯನ್ನು 1985ರಲ್ಲಿ ಪುಸ್ತಕವಾಗಿಸಿದ ವೈದ್ಯ ಆಲಿವರ್ ಸ್ಯಾಕ್ಸ್ ಅವರಿಗೇ ಮುಖಗಳ ಗುರುತು ಸಿಗುತ್ತಿರಲಿಲ್ಲ. ನಮ್ಮ ಕೂಟಗಳಲ್ಲಿ, “ನೋಡಿಯೂ ನೋಡದಂತೆ ಹೋದರು, ಎಷ್ಟು ಜಂಬ!” ಎನ್ನುವ ಮುನ್ನ ಇದೂ ಒಂದು ಕಾರಣವಿರಬಹುದು.

ಇನ್ನು ವಸ್ತುಗಳ ಮಾತು. ಹುಟ್ಟುಕುರುಡನಾಗಿದ್ದು, ಗೋಳ ಘನಗಳನ್ನು ಮುಟ್ಟಿ ಅರಿತವನಿಗೆ ದೃಷ್ಟಿ ಬಂದರೆ, ಅವನು ಬರಿಗಣ್ಣಿನಿಂದಲೇ ಯಾವುದು ಗೋಳ, ಯಾವುದು ಘನವೆಂದು ಹೇಳಬಲ್ಲನೇ? 1688ರಲ್ಲಿ ಐರ್ಲೆಂಡಿನ ವಿಲಿಯಂ ಮಾಲಿನೊ ತತ್ತ್ವಜ್ಞಾನಿ ಜಾನ್ ಲಾಕ್‌ಗೆ ಕೇಳಿದ ಪ್ರಶ್ನೆಯಿದು. ಉತ್ತರ ಬಂದದ್ದು ನಮ್ಮ ಭಾರತದಿಂದ. ಎಂ.ಐ.ಟಿ.ಯ ಪ್ರಾಧ್ಯಾಪಕ ಪವನ್ ಸಿನ್ಹಾ ಸ್ಥಾಪಿಸಿದ ‘ಪ್ರಾಜೆಕ್ಟ್ ಪ್ರಕಾಶ್’ ಉತ್ತರ ಭಾರತದ ಹಳ್ಳಿಗಳ ಅಂಧ ಮಕ್ಕಳಿಗೆ ಚಿಕಿತ್ಸೆ ಒದಗಿಸುತ್ತ, ಅವರು ನೋಡಲು ಕಲಿಯುವ ಬಗೆಯನ್ನು ಅಭ್ಯಸಿಸಿತು. 2011ರಲ್ಲಿ ಪ್ರಕಟವಾದ ವರದಿಯಲ್ಲಿ ಎಂಟರಿಂದ ಹದಿನೇಳು ವರ್ಷದ ಐವರಿದ್ದರು. ಪೊರೆ ತೆಗೆದೊಡನೆ ನಡೆದ ಪರೀಕ್ಷೆಯಲ್ಲಿ, ಕೈ ಬಲ್ಲ ವಸ್ತುವನ್ನು ಕಣ್ಣು ಗುರುತಿಸಲಿಲ್ಲ; ಉತ್ತರಗಳು ಬರಿಯ ಊಹೆಯಂತಿದ್ದವು. ಆದರೆ ಮತ್ತೆ ಪರೀಕ್ಷಿಸಿದವರಲ್ಲಿ ಕೆಲವೇ ದಿನಗಳಲ್ಲಿ ಸುಧಾರಣೆ ಕಂಡಿತು. ಒಂದರ ಮೇಲೊಂದು ಬಿದ್ದ ವೃತ್ತ ಚೌಕಗಳು ಇಂಥವರಿಗೆ ಮೊದಲಿಗೆ ಚೂರುಚೂರಾಗಿ ಕಾಣುತ್ತವೆ. ಆಕೃತಿಗಳು ಚಲಿಸಿದರೆ ಮಾತ್ರ, ಒಟ್ಟಿಗೆ ಸರಿಯುವುದೆಲ್ಲ ಒಂದೇ ವಸ್ತುವೆಂದು ಕಣ್ಣಿಗೆ ಹೊಳೆಯುತ್ತದೆ.

ತಡವಾದರೂ ಕಲಿಯಬಹುದೆಂಬುದು ಸಮಾಧಾನದ ಮಾತು. ಆದರೆ ಎಲ್ಲವೂ ಕೈಗೂಡುವುದಿಲ್ಲ. ಕೆನಡಾದ ಡ್ಯಾಫ್ನಿ ಮೌರರ್ ಮತ್ತು ಸಂಗಡಿಗರು, ಹುಟ್ಟಿನಿಂದಲೇ ಎರಡೂ ಕಣ್ಣುಗಳಲ್ಲಿ ಪೊರೆಯಿದ್ದು ಎರಡರಿಂದ ಆರು ತಿಂಗಳೊಳಗೆ ಚಿಕಿತ್ಸೆ ಪಡೆದವರನ್ನು ವರ್ಷಗಳ ಬಳಿಕ ಪರೀಕ್ಷಿಸಿ 2001ರಲ್ಲಿ ವರದಿ ಮಾಡಿದರು. ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ನೋಡಿದ್ದ ಅವರಿಗೆ ಕಣ್ಣು ಬಾಯಿಗಳ ಆಕಾರದ ಭೇದ ತಿಳಿಯುತ್ತಿತ್ತು. ಅವುಗಳ ನಡುವಣ ಅಂತರದ ಸೂಕ್ಷ್ಮಭೇದ ಸರಿಯಾಗಿ ತಿಳಿಯುತ್ತಿರಲಿಲ್ಲ. ಆದುದರಿಂದ ಹಸುಳೆಯ ಕಪ್ಪು ಪಾಪೆಯ ನಡುವೆ ಬಿಳಿಛಾಯೆ ಕಂಡರೆ, ಇಲ್ಲಿಯಾಗಲಿ ಊರಿನಲ್ಲಾಗಲಿ, ನಾಮಕರಣವಾಗಲಿ, ಶುಭದಿನ ಬರಲಿ ಎಂದು ಕಾಯಕೂಡದು. ದಟ್ಟವಾದ ಪೊರೆಯನ್ನು ಮೊದಲ ಆರೆಂಟು ವಾರಗಳೊಳಗೆ ತೆಗೆಯುವುದು ಉತ್ತಮವೆಂದು ನೇತ್ರವೈದ್ಯರ ಮತ.

ಅಜ್ಜಿಯ ಪ್ರಶ್ನೆಗೆ ಮರಳೋಣ. ಎಂಟು ತಿಂಗಳ ಮಗು ಅತ್ತದ್ದು ಏನೂ ತಿಳಿಯದೆ ಅಲ್ಲ, ತಿಳಿದುದರಿಂದಲೇ. ತನ್ನವರ ಮುಖಗಳು ಮನದಲ್ಲಿ ಗಟ್ಟಿಯಾಗಿ ಅಚ್ಚೊತ್ತಿದ್ದರಿಂದ ಈ ಮುಖ ಅವುಗಳಲ್ಲೊಂದಲ್ಲವೆಂದು ಅದಕ್ಕೆ ಗೊತ್ತಾಯಿತು. ನಾಲ್ಕು ತಿಂಗಳಲ್ಲಿ ಬಂದಿದ್ದರೆ ನಗುತ್ತಿತ್ತೇನೋ!

ಇನ್ನೊಂದು ಪ್ರಯೋಗವನ್ನು ಹೇಳಲೇಬೇಕು. ಬಿಳಿಯ ಕುಟುಂಬಗಳ ಶಿಶುಗಳಿಗೆ ಆರರಿಂದ ಒಂಬತ್ತು ತಿಂಗಳವರೆಗೆ ಚೀನೀ ಮುಖಗಳ ಚಿತ್ರಪುಸ್ತಕವೊಂದನ್ನು, ಒಟ್ಟು ಒಂದು ಗಂಟೆಯ ಆಸುಪಾಸು, ತೋರಿಸಿದ್ದರಿಂದಲೇ ಅವುಗಳ ಗುರುತಿಸುವ ಶಕ್ತಿ ಉಳಿಯಿತೆಂದು 2011ರಲ್ಲಿ ವರದಿಯಾಯಿತು. ಕೋತಿಮುಖಗಳ ಪುಸ್ತಕ ತೋರಿಸಿದ ಇನ್ನೊಂದು ಅಧ್ಯಯನದಲ್ಲಿ, ಒಂದೊಂದು ಮುಖಕ್ಕೂ ಒಂದೊಂದು ಹೆಸರು ಹೇಳಿದಾಗ ಶಕ್ತಿ ಉಳಿಯಿತು. ಎಲ್ಲಕ್ಕೂ ‘ಕೋತಿ’ ಎಂದಷ್ಟೇ ಹೇಳಿದಾಗ ಉಳಿಯಲಿಲ್ಲ.

ಇದನ್ನೋದಿದ ಮೇಲೆ ನಾವು ಎರಡನೆಯ ಮಗುವಿಗಾಗಿ ಊರಿನವರ ಭಾವಚಿತ್ರಗಳ ಪುಸ್ತಕವೊಂದನ್ನು ಮಾಡಿ, ದಿನವೂ ಸ್ನಾನದ ನಂತರ ಒಬ್ಬೊಬ್ಬರ ಹೆಸರು ಹೇಳಿ ತೋರಿಸಿದೆವು. ಅಜ್ಜಿ ಎರಡನೆಯ ಬಾರಿ ಬಂದಾಗ ಈ ಮಗುವೂ ಅತ್ತಿತು, ಸುಳ್ಳು ಹೇಳಲಾರೆವು. ಮೂರನೆಯ ದಿನ ಪುಸ್ತಕ ತೆರೆದಾಗ ಅದು ಚಿತ್ರವನ್ನೊಮ್ಮೆ, ಎದುರಿಗೆ ಕುಳಿತ ಅಜ್ಜಿಯನ್ನೊಮ್ಮೆ ನೋಡಿ, ತೆವಳಿಕೊಂಡು ಹೋಗಿ ಅವರ ಮೂಗುಬೊಟ್ಟನ್ನು ಹಿಡಿದೆಳೆಯಿತು.