ಕನ್ನಡಕದ ಮಸೂರಗಳ ಆಯ್ಕೆ

ಕಣ್ಣಿನ ವಕ್ರೀಭವನ ದೋಷವನ್ನು ಸರಿದೂಗಿಸಲು ಚೌಕಟ್ಟಿನಲ್ಲಿ ಕೂರಿಸುವ ಪಾರದರ್ಶಕ ಸಾಧನವೇ ಕನ್ನಡಕದ ಮಸೂರ. ಮಸೂರದ ಶಕ್ತಿಯನ್ನು ನೇತ್ರವೈದ್ಯರು ಅಥವಾ ಆಪ್ಟೋಮೆಟ್ರಿಸ್ಟರು ನಿರ್ಧರಿಸುತ್ತಾರೆ. ಅದರ ಬಗೆ, ವಸ್ತು ಮತ್ತು ಲೇಪನಗಳ ಆಯ್ಕೆ ಮಾತ್ರ ಬಹುಮಟ್ಟಿಗೆ ಕನ್ನಡಕ ಧರಿಸುವವರದೇ ಆಗಿರುತ್ತದೆ. ಅತಿ ತೆಳುವಾದ ಅಥವಾ ಹೆಚ್ಚು ಬೆಲೆಯ ಮಸೂರವೇ ಎಲ್ಲರಿಗೂ ಉತ್ತಮವೆನ್ನಲಾಗದು; ಶಕ್ತಿ, ವಯಸ್ಸು ಮತ್ತು ಉದ್ಯೋಗಗಳಿಗೆ ತಕ್ಕಂತೆ ಸೂಕ್ತ ಮಸೂರವು ಬದಲಾಗುತ್ತದೆ.

ಚೀಟಿಯಲ್ಲಿರುವ ಅಂಕಿಗಳು

ಮಸೂರದ ಶಕ್ತಿಯ ಏಕಮಾನ ಡಯಾಪ್ಟರ್. ಇದು ಮೀಟರಿನಲ್ಲಿ ಅಳೆದ ಸಂಗಮದೂರದ ವ್ಯುತ್ಕ್ರಮ. 2 ಡಯಾಪ್ಟರ್ ಮಸೂರದ ಸಂಗಮದೂರ 50 ಸೆಂ.ಮೀ. ಋಣ ಚಿಹ್ನೆಯು ಸಮೀಪದೃಷ್ಟಿಗೆ ಬಳಸುವ ನಿಮ್ನ ಮಸೂರವನ್ನೂ, ಧನ ಚಿಹ್ನೆಯು ದೂರದೃಷ್ಟಿಗೆ ಬಳಸುವ ಪೀನ ಮಸೂರವನ್ನೂ ಸೂಚಿಸುತ್ತದೆ. 'ಸಿಲಿಂಡರ್' ಮತ್ತು 'ಆಕ್ಸಿಸ್' ಎಂಬ ಅಂಕಿಗಳು ಅಸ್ಟಿಗ್ಮ್ಯಾಟಿಸಂ ದೋಷಕ್ಕೆ, 'ಆಡ್' ಎಂಬುದು ಓದಲು ಬೇಕಾದ ಹೆಚ್ಚುವರಿ ಶಕ್ತಿಗೆ ಸಂಬಂಧಿಸಿವೆ. ಎರಡು ಪಾಪೆಗಳ ನಡುವಿನ ಅಂತರವನ್ನೂ ಅಳೆಯಬೇಕು. ಮಸೂರದ ಕೇಂದ್ರ ಪಾಪೆಗೆ ಎದುರಾಗಿರದಿದ್ದರೆ ತಲೆನೋವು, ಕಣ್ಣಿನ ಆಯಾಸ ಉಂಟಾಗಬಹುದು.

ಬಗೆಗಳು

* ಏಕಶಕ್ತಿ ಮಸೂರ: ಇಡೀ ಮಸೂರಕ್ಕೆ ಒಂದೇ ಶಕ್ತಿಯಿರುತ್ತದೆ. ಮಕ್ಕಳಿಗೂ ಯುವಕರಿಗೂ ಸಾಮಾನ್ಯವಾಗಿ ಇದೇ ಸಾಕು.
* ಬೈಫೋಕಲ್: ನಲವತ್ತರ ಆಸುಪಾಸಿನಲ್ಲಿ ಹತ್ತಿರದ ಅಕ್ಷರಗಳು ಮಸುಕಾಗುವುದನ್ನು ಆಡುಮಾತಿನಲ್ಲಿ 'ಚಾಳೀಸು' ಎನ್ನುತ್ತಾರೆ. ದೂರದ ನೋಟಕ್ಕೆ ಮೇಲ್ಭಾಗ, ಓದಿಗೆ ಕೆಳಭಾಗ ಇರುವ ಈ ಮಸೂರದಲ್ಲಿ ಗೆರೆ ಕಾಣಿಸುತ್ತದೆ.
* ಪ್ರೋಗ್ರೆಸಿವ್: ಗೆರೆಯಿಲ್ಲದೆ ಶಕ್ತಿ ಕ್ರಮೇಣ ಬದಲಾಗುತ್ತದೆ. ಮಧ್ಯಮ ದೂರದ ಗಣಕಪರದೆಯೂ ಸ್ಪಷ್ಟವಾಗುತ್ತದೆ. ಅಂಚುಗಳಲ್ಲಿ ನೋಟ ಸ್ವಲ್ಪ ವಿರೂಪಗೊಳ್ಳುವುದರಿಂದ ಹೊಂದಿಕೊಳ್ಳಲು ಕೆಲವು ದಿನಗಳು ಬೇಕು. ಆರಂಭದಲ್ಲಿ ಮೆಟ್ಟಿಲು ಇಳಿಯುವಾಗ ಎಚ್ಚರ ಅಗತ್ಯ.

ವಸ್ತು

ಗಾಜಿಗೆ ಗೀರು ಬೀಳುವುದು ಕಡಿಮೆ; ಆದರೆ ಅದು ಭಾರವಾದುದು, ಒಡೆದರೆ ಕಣ್ಣಿಗೆ ಅಪಾಯಕರ. ಸಿಆರ್-39 ಎಂಬ ಪ್ಲಾಸ್ಟಿಕ್ಕಿನ ವಕ್ರೀಭವನ ಸೂಚ್ಯಂಕ ಸುಮಾರು 1.50, ಅದರ ತೂಕ ಗಾಜಿನ ಅರ್ಧದಷ್ಟು. ಪಾಲಿಕಾರ್ಬೊನೇಟ್ (1.586) ಮತ್ತು ಟ್ರೈವೆಕ್ಸ್ (1.53) ಹೊಡೆತವನ್ನು ಚೆನ್ನಾಗಿ ತಡೆಯುತ್ತವೆ. ಆದುದರಿಂದ ಮಕ್ಕಳಿಗೆ, ಆಟಗಾರರಿಗೆ ಮತ್ತು ಒಂದೇ ಕಣ್ಣಿನ ದೃಷ್ಟಿಯನ್ನು ಅವಲಂಬಿಸಿದವರಿಗೆ ಇವು ಯೋಗ್ಯ.

ಸೂಚ್ಯಂಕವು 1.60, 1.67, 1.74 ಎಂದು ಏರಿದಂತೆ ಮಸೂರ ತೆಳುವಾಗುತ್ತದೆ, ಬೆಲೆಯೂ ಏರುತ್ತದೆ. ಸುಮಾರು 4 ಡಯಾಪ್ಟರ್ ಮೀರಿದವರಿಗೆ ಇದರ ಪ್ರಯೋಜನ ಎದ್ದು ಕಾಣುತ್ತದೆ. 1 ಅಥವಾ 2 ಡಯಾಪ್ಟರ್ ಇರುವವರಿಗೆ ಅತ್ಯಲ್ಪ. ಇದಲ್ಲದೆ, ಬಣ್ಣಗಳು ಚದುರುವಿಕೆ ಎಷ್ಟು ಕಡಿಮೆಯೆಂದು ತಿಳಿಸುವ ಅಬ್ಬೆ ಸಂಖ್ಯೆ ಸಿಆರ್-39ಕ್ಕೆ 58, ಪಾಲಿಕಾರ್ಬೊನೇಟಿಗೆ ಕೇವಲ 30. ಅಬ್ಬೆ ಸಂಖ್ಯೆ ಕಡಿಮೆಯಿದ್ದರೆ ಮಸೂರದ ಅಂಚಿನ ಮೂಲಕ ನೋಡುವಾಗ ವಸ್ತುಗಳ ಸುತ್ತ ಬಣ್ಣದ ಗೆರೆ ಕಾಣಬಹುದು.

ನಿಮ್ನ ಮಸೂರವು ಅಂಚಿನಲ್ಲಿ ದಪ್ಪವಾಗಿರುವುದರಿಂದ ಚಿಕ್ಕ ಚೌಕಟ್ಟನ್ನು ಆರಿಸಿದರೆ ಹೆಚ್ಚಿನ ಖರ್ಚಿಲ್ಲದೆಯೇ ದಪ್ಪ ಕಡಿಮೆಯಾಗುತ್ತದೆ.

ಲೇಪನಗಳು

ಪ್ಲಾಸ್ಟಿಕ್ ಮಸೂರಕ್ಕೆ ಗೀರುನಿರೋಧಕ ಲೇಪನ ಅವಶ್ಯ. ಲೇಪನವಿಲ್ಲದ ಸಿಆರ್-39 ಮಸೂರದ ಎರಡು ಮೈಗಳಿಂದ ಸುಮಾರು ಶೇ. 8ರಷ್ಟು ಬೆಳಕು ಪ್ರತಿಫಲಿಸಿ ನಷ್ಟವಾಗುತ್ತದೆ. ಪ್ರತಿಫಲನ ನಿರೋಧಕ ಲೇಪನವು ಇದನ್ನು ತಗ್ಗಿಸುವುದರಿಂದ ರಾತ್ರಿ ವಾಹನ ಓಡಿಸುವವರಿಗೆ ಉಪಯುಕ್ತ. ಫೋಟೋಕ್ರೋಮಿಕ್ ಮಸೂರಗಳು ನೇರಳಾತೀತ ಕಿರಣಗಳಿಂದ ಕಪ್ಪಾಗುತ್ತವೆ. ಕಾರಿನ ಮುಂಗಾಜು ಆ ಕಿರಣಗಳನ್ನು ತಡೆಯುವುದರಿಂದ ಕಾರಿನೊಳಗೆ ಅವು ಅಷ್ಟಾಗಿ ಕಪ್ಪಾಗವು. ನೀಲಿ ಬೆಳಕನ್ನು ತಡೆಯುವ ಮಸೂರಗಳು ಗಣಕ ಬಳಕೆಯ ಕಣ್ಣಿನ ಆಯಾಸವನ್ನು ಅಲ್ಪಾವಧಿಯಲ್ಲಿ ಕಡಿಮೆ ಮಾಡಲಾರವೆಂದು 2023ರ ಕಾಕ್ರೇನ್ ಸಮೀಕ್ಷೆಯು ಸೂಚಿಸಿದೆ.

ಸಿದ್ಧ ಕನ್ನಡಕಗಳು

ಅಂಗಡಿಗಳಲ್ಲಿ ದೊರೆಯುವ ಸಿದ್ಧ ಓದುಗನ್ನಡಕಗಳ ಎರಡೂ ಮಸೂರಗಳಿಗೆ ಸಾಮಾನ್ಯವಾಗಿ ಒಂದೇ ಶಕ್ತಿಯಿರುತ್ತದೆ. ಅಸ್ಟಿಗ್ಮ್ಯಾಟಿಸಂ ಅಥವಾ ಎರಡು ಕಣ್ಣುಗಳ ನಡುವಿನ ವ್ಯತ್ಯಾಸವನ್ನು ಅವು ಸರಿಪಡಿಸವು. ಅವುಗಳಿಂದ ಅಕ್ಷರ ಸ್ಪಷ್ಟವಾಗಿ ಕಂಡರೂ ನೇತ್ರಪರೀಕ್ಷೆಯನ್ನು ಬಿಡಬಾರದು. ಗ್ಲಾಕೋಮಾದಂತಹ ರೋಗಗಳು ಆರಂಭದಲ್ಲಿ ಯಾವ ಸೂಚನೆಯನ್ನೂ ನೀಡದೆ ದೃಷ್ಟಿಯನ್ನು ಕುಂದಿಸಬಲ್ಲವು.