ಯಾಂತ್ರಿಕ ಕೀಲಿಮಣೆ: ಕೊಳ್ಳುವ ಮುನ್ನ

ದಿನವಿಡೀ ಗಣಕಯಂತ್ರದ ಮುಂದೆ ದುಡಿಯುವ ಮಹಾನಗರದ ಕನ್ನಡಿಗನಿಗೆ ಕೀಲಿಮಣೆಯೇ ನೇಗಿಲು. ಆದುದರಿಂದ ಅದರ ಆಯ್ಕೆಯು ಕ್ಷುಲ್ಲಕ ವಿಷಯವಲ್ಲ.

ಸಾಮಾನ್ಯ ಕೀಲಿಮಣೆಯಲ್ಲಿ ಕೀಲಿಗಳ ಅಡಿಯಲ್ಲಿ ರಬ್ಬರಿನ ಹಾಳೆಯಿರುತ್ತದೆ. ಅಕ್ಷರ ಮೂಡಲು ಕೀಲಿಯನ್ನು ಬಹುಮಟ್ಟಿಗೆ ತಳದವರೆಗೂ ಒತ್ತಬೇಕು. ಯಾಂತ್ರಿಕ ಕೀಲಿಮಣೆಯಲ್ಲಿ ಪ್ರತಿಯೊಂದು ಕೀಲಿಗೂ ಪ್ರತ್ಯೇಕ ಸ್ವಿಚ್ಚು ಮತ್ತು ಸ್ಪ್ರಿಂಗು. 1980ರ ದಶಕದಲ್ಲಿ ಜರ್ಮನಿಯಿಂದ ಬಂದ ಚೆರಿ ಎಂ.ಎಕ್ಸ್. ಸ್ವಿಚ್ಚಿನಲ್ಲಿ ಕೀಲಿಯು 4 ಮಿಲಿಮೀಟರ್ ಇಳಿಯುತ್ತದೆ. ಸುಮಾರು 2 ಮಿಲಿಮೀಟರಿಗೇ ಅಕ್ಷರ ಮೂಡುತ್ತದೆ. ಕೆಂಪು ಸ್ವಿಚ್ಚು ಹಗುರ. ಕಂದು ಸ್ವಿಚ್ಚು ಬೆರಳಿಗೆ ಸಣ್ಣ ತಡೆಯನ್ನು ತೋರುತ್ತದೆ. ನೀಲಿಯದು ಬೆರಳಚ್ಚು ಯಂತ್ರದಂತೆ ಟಕಟಕ ಸದ್ದು. ಒಂದೇ ಕೋಣೆಯ ಬಿಡಾರದಲ್ಲಿ ಮಗು ನಿದ್ರಿಸುತ್ತಿರುವಾಗ ನೀಲಿ ಸಲ್ಲದು.

ಇನ್ನು ಖರ್ಚಿನ ವಿಚಾರ. 4,000 ರೂಪಾಯಿಯ ಕೀಲಿಮಣೆ 8 ವರ್ಷ ಬಾಳಿದರೆ ವರ್ಷಕ್ಕೆ ಬೀಳುವುದು 500 ರೂಪಾಯಿ. 800 ರೂಪಾಯಿಯದು 2 ವರ್ಷ ಬಾಳಿದರೆ 400. ವ್ಯತ್ಯಾಸ ಅಲ್ಪ. ಆದರೆ ದಿನಕ್ಕೆ ಅರ್ಧ ಗಂಟೆ ಬರೆಯುವವನಿಗೆ ಈ ವೆಚ್ಚ ಅನಾವಶ್ಯಕ.

ಕೀಲಿಮಣೆಯು ಔಷಧವಲ್ಲವೆಂಬುದನ್ನೂ ಮರೆಯಬಾರದು. ಯಾಂತ್ರಿಕ ಕೀಲಿಮಣೆ ಸಾಮಾನ್ಯವಾಗಿ ಎತ್ತರವಾಗಿದ್ದು, ಮಣಿಕಟ್ಟು ಮೇಲಕ್ಕೆ ಬಾಗುವ ಸಂಭವವುಂಟು. ಅದರ ಹಿಂಬದಿಯ ಕಾಲುಗಳನ್ನು ಮಡಚಿ, ಮಣಿಕಟ್ಟನ್ನು ನೇರವಾಗಿಯೂ ಭುಜಗಳನ್ನು ಸಡಿಲವಾಗಿಯೂ ಇರಿಸಿಕೊಂಡು, ನಡುನಡುವೆ ಕೈಗಳಿಗೆ ವಿಶ್ರಾಂತಿ ಕೊಡತಕ್ಕದ್ದು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ರಾತ್ರಿಯ ವೇಳೆ ಪದೇ ಪದೇ ಜೋಮು ಹಿಡಿಯುತ್ತಿದ್ದರೆ ಮಣಿಕಟ್ಟಿನಲ್ಲಿ ನರವು ಒತ್ತಲ್ಪಟ್ಟಿರಬಹುದು. ಅಂಥವರು ಅಂಗಡಿಗೆ ಹೋಗುವ ಮೊದಲು ವೈದ್ಯರನ್ನು ಕಾಣುವುದು ಲೇಸು.